ಅಲಸಂದೆ ಎಲೆಯ ವೈರಸ್: ಔಷಧದ ಗಾಡಿಯೋ, ತಾನೇ ಔಷಧವೋ?

ಅಲಸಂದೆ ಎಲೆಯ ಮೇಲೆ ಹಳದಿ, ಹಸಿರು ತೇಪೆ ಹಾಕಿದಂತೆ ಬಣ್ಣ ಒಡೆದರೆ ಹೊಲದಲ್ಲಿ ಆ ಗಿಡವನ್ನು ಕಿತ್ತು ಬದುವಿನಾಚೆ ಎಸೆಯುತ್ತಾರೆ. ಕೆಲವು ಪ್ರಯೋಗಾಲಯಗಳಲ್ಲಿ ಅಂಥದ್ದೇ ಎಲೆಯನ್ನು ತೂಕ ಮಾಡಿ, ಚೀಲಕ್ಕೆ ತುಂಬಿ, ಮೈನಸ್ 80 ಡಿಗ್ರಿ ಫ್ರೀಜರ್‌ನಲ್ಲಿ ಇಡುತ್ತಾರೆ. ಕಾರಣ ಸರಳ: ಆ ಎಲೆಯ ಒಂದೊಂದು ಗ್ರಾಂನಿಂದ ಅರ್ಧದಿಂದ ಒಂದು ಮಿಲಿಗ್ರಾಂವರೆಗೆ ಶುದ್ಧ ವೈರಸ್ ಸಿಗುತ್ತದೆ, ಅದನ್ನು ಔಷಧ ಸಾಗಿಸುವ ಗಾಡಿ ಮಾಡಬಹುದೇ ಎಂದು ನೋಡುತ್ತಿದ್ದಾರೆ. ಹೆಸರು ಕೌಪೀ ಮೊಸಾಯಿಕ್ ವೈರಸ್, ಚಿಕ್ಕದಾಗಿ ಸಿಪಿಎಂವಿ. 1959ರಲ್ಲಿ ನೈಜೀರಿಯಾದ ಅಲಸಂದೆಯಲ್ಲಿ ಮೊದಲು ವರದಿಯಾಯಿತು. ಎಲೆ ತಿನ್ನುವ ದುಂಬಿಗಳು ಇದನ್ನು ಹರಡುತ್ತವೆ. (ನಮ್ಮ ಹೊಲಗಳ ಅಲಸಂದೆಯಲ್ಲಿ ಕಾಣುವ ಮೊಸಾಯಿಕ್ ಹೆಚ್ಚಾಗಿ ಸಸ್ಯಹೇನು ಹರಡುವ ಬೇರೆ ವೈರಸ್‌ಗಳದ್ದು. ಎಲೆ ನೋಡಿ ಯಾವ ವೈರಸ್ ಎಂದು ಹೇಳಲು ಆಗುವುದಿಲ್ಲ.)

ವೈರಸ್‌ನಿಂದ ಔಷಧ ಸಾಗಿಸುವುದು ಎಂದರೆ ಬಹಳ ಜನರಿಗೆ ಜೀನ್ ಚಿಕಿತ್ಸೆ ನೆನಪಾಗುತ್ತದೆ. ಅದು ಬೇರೆ ಕಥೆ. ಅಲ್ಲಿ ಅಡೆನೊ-ಅಸೋಸಿಯೇಟೆಡ್ ವೈರಸ್‌ನಂಥವು ಮನುಷ್ಯನ ಜೀವಕೋಶಕ್ಕೆ ಹೊಕ್ಕು ಜೀನ್ ಕೊಟ್ಟು ಬರಬೇಕು. ಇಲ್ಲಿ ಯಾವ ಜೀನೂ ಕೆಲಸ ಮಾಡುವುದಿಲ್ಲ. ಸಸ್ಯದ ವೈರಸ್ ಪ್ರಾಣಿಗಳ ಜೀವಕೋಶದಲ್ಲಿ ಮರಿ ಹಾಕಲಾರದು. ನಮಗೆ ಬೇಕಾದದ್ದು ಅದರ ಡಬ್ಬಿ ಮಾತ್ರ, ಅಂದರೆ ಪ್ರೋಟೀನ್ ಕವಚ.

ಡಬ್ಬಿ ಯಾಕೆ ಅಷ್ಟು ಚೆಂದ ಎಂದರೆ, ಸಿಪಿಎಂವಿಯ ಪ್ರತಿ ಕಣವೂ ಒಂದೇ ಅಚ್ಚಿನದು. ಅಡ್ಡಳತೆ ಸುಮಾರು 30 ನ್ಯಾನೊಮೀಟರ್. 42 ಕಿಲೊಡಾಲ್ಟನ್‌ನ (ಡಾಲ್ಟನ್ ಎಂದರೆ ಅಣುಗಳ ತೂಕದ ಅಳತೆ) ದೊಡ್ಡ ಪ್ರೋಟೀನ್ 60, 24 ಕಿಲೊಡಾಲ್ಟನ್‌ನ ಚಿಕ್ಕದು 60. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಚಿನ್ನದ ಅಥವಾ ಪಾಲಿಮರ್ ನ್ಯಾನೊಕಣ ಮಾಡುವವರು ಗಾತ್ರವನ್ನು ಸರಾಸರಿಯಲ್ಲಿ ಹೇಳುತ್ತಾರೆ. ಇಲ್ಲಿ ಯಾವ ಅಮೈನೊ ಆಮ್ಲ ಹೊರಮುಖವಾಗಿದೆ, ಅದರಿಂದ ಪಕ್ಕದ್ದು ಎಷ್ಟು ದೂರ ಎಂದು ನಕ್ಷೆ ಬಿಡಿಸಿ ತೋರಿಸಬಹುದು. ಹೊರಮೈಯಲ್ಲಿ ಕೈಗೆ ಸಿಗುವ ಲೈಸೀನ್ ಎಂಬ ಅಮೈನೊ ಆಮ್ಲಗಳೇ 300. ಔಷಧವನ್ನೋ ಬಣ್ಣವನ್ನೋ ಸಿಕ್ಕಿಸಲು ಅಷ್ಟು ಗೂಟಗಳು.

ಇನ್ನೊಂದು ಹೊಗೆಸೊಪ್ಪಿನ ಮೊಸಾಯಿಕ್ ವೈರಸ್, ಟಿಎಂವಿ. ವೈರಸ್ ವಿಜ್ಞಾನ ಹುಟ್ಟಿದ್ದೇ ಇದರಿಂದ: 1892ರಲ್ಲಿ ಇವನೊವ್‌ಸ್ಕಿ, 1898ರಲ್ಲಿ ಬೈಯರಿಂಕ್, 1935ರಲ್ಲಿ ಅದನ್ನು ಹರಳುಗಟ್ಟಿಸಿದ ಸ್ಟ್ಯಾನ್ಲಿ. ಇದು ಕೊಳವೆ. 300 ನ್ಯಾನೊಮೀಟರ್ ಉದ್ದ, 18 ದಪ್ಪ, ನಡುವೆ 4 ನ್ಯಾನೊಮೀಟರ್ ತೂತು. 2,130 ಪ್ರೋಟೀನ್‌ಗಳು ಒಂದೇ ಆರ್‌ಎನ್‌ಎ ಎಳೆಯ ಸುತ್ತ ಸುರುಳಿ ಮೆಟ್ಟಿಲಿನಂತೆ ಕೂತಿರುತ್ತವೆ. ತೂತಿನ ಒಳಗೋಡೆಯಲ್ಲಿ ಗ್ಲುಟಾಮಿಕ್ ಆಮ್ಲಗಳಿವೆ (97 ಮತ್ತು 106ನೇ ಸ್ಥಾನ), ಹೊರಗೋಡೆಯಲ್ಲಿ ಟೈರೊಸೀನ್ ಇದೆ (139). ಒಳಗೊಂದು ರಸಾಯನ, ಹೊರಗೊಂದು ರಸಾಯನ ಮಾಡಲು ಇದಕ್ಕಿಂತ ಅನುಕೂಲ ಸಿಗುವುದು ಕಷ್ಟ.

ಗಿಡದಿಂದ ಸೀಸೆಗೆ

ಮೊದಲು ಕಾಗದಪತ್ರ. ಸಿಪಿಎಂವಿ ಹೊರದೇಶದಿಂದ ತರಿಸುವವರು ಸಸ್ಯ ಕ್ವಾರಂಟೈನ್ ಅನುಮತಿ ಇಲ್ಲದೆ ಕೈ ಹಾಕಬಾರದು. ಅಲಸಂದೆ ಬೆಳೆಯುವ ನಾಡಿನಲ್ಲಿ ಅಲಸಂದೆಯ ವೈರಸ್ ಹೊರಗೆ ಬಿದ್ದರೆ ಬೆಲೆ ತೆರುವವರು ಬೇರೆಯವರು. ಗಿಡ ಬೆಳೆಸುವ ಕೋಣೆಗೆ ದುಂಬಿ ನುಗ್ಗದ ಜಾಲರಿ ಇರಬೇಕು. ಕುಂಡ, ಮಣ್ಣು, ಉಳಿದ ಕಾಂಡ ಎಲ್ಲವೂ ಆಟೊಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ) ಆಗಿಯೇ ಹೊರಹೋಗಬೇಕು.

ಒಂದು ಕುಂಡಕ್ಕೆ ಮೂರು ಬೀಜ. ಹತ್ತು ದಿನದ ಹೊತ್ತಿಗೆ ಮೊದಲ ಜೋಡಿ ಎಲೆ ಅಗಲವಾಗಿ ಬಿಚ್ಚಿಕೊಂಡಿರುತ್ತದೆ. ಅದರ ಮೇಲೆ ಕಾರ್ಬೊರಂಡಮ್ ಪುಡಿಯನ್ನು ಮಾವಿನಕಾಯಿ ಹೋಳಿಗೆ ಉಪ್ಪು ಉದುರಿಸಿದಷ್ಟು ಉದುರಿಸಿ, 0.1 ಮೋಲಾರ್ ಪೊಟ್ಯಾಸಿಯಂ ಫಾಸ್ಫೇಟ್ ಬಫರ್‌ನಲ್ಲಿ (ಪಿಎಚ್ ಅನ್ನು 7ರಲ್ಲೇ ಹಿಡಿದಿಡುವ ದ್ರಾವಣ) ಮಿಲಿಲೀಟರ್‌ಗೆ 0.1 ಮಿಲಿಗ್ರಾಂನಂತೆ ಕರಗಿಸಿದ ವೈರಸ್ 50 ಮೈಕ್ರೊಲೀಟರ್ ಬಿಟ್ಟು, ಗ್ಲೌಸ್ ಹಾಕಿದ ಬೆರಳಿನಿಂದ ಮೆಲ್ಲಗೆ ಸವರುವುದು. ಎಲೆಗೆ 5 ಮೈಕ್ರೊಗ್ರಾಂ ಬಿತ್ತು. ಪುಡಿ ಎಲೆಯ ಮೇಲ್ಪದರದಲ್ಲಿ ಕಣ್ಣಿಗೆ ಕಾಣದ ಗೀರು ಮಾಡುತ್ತದೆ, ವೈರಸ್ ಅಲ್ಲಿಂದ ಒಳಹೋಗುತ್ತದೆ. ಒತ್ತಿ ಉಜ್ಜಿದರೆ ಎಲೆ ಮರುದಿನ ಕಂದಿ ಒಣಗುತ್ತದೆ. ಸತ್ತ ಜೀವಕೋಶದಲ್ಲಿ ವೈರಸ್ ಬೆಳೆಯುವುದಿಲ್ಲ. ಹೊಸಬರ ಕೈಯಲ್ಲಿ ಇಳುವರಿ ಕಡಿಮೆಯಾಗುವುದು ಹೆಚ್ಚಾಗಿ ಈ ಹಂತದಲ್ಲೇ. ಅರ್ಧ ಗಂಟೆ ಬಿಟ್ಟು ನೀರು ಚಿಮುಕಿಸಿ ಪುಡಿ ತೊಳೆಯಬೇಕು.

ಇನ್ನೊಂದು ಹತ್ತು ದಿನಕ್ಕೆ ಕೊಯ್ಲು. ಕಾದಷ್ಟೂ ವೈರಸ್ ಹೆಚ್ಚುತ್ತದೆ ಎಂದು ಎಲೆ ಹಣ್ಣಾಗುವವರೆಗೆ ಬಿಡುವುದು ಬೇಡ. ಚಿಕ್ಕ ಪ್ರೋಟೀನ್‌ನ ಬಾಲದಲ್ಲಿ 24 ಅಮೈನೊ ಆಮ್ಲಗಳ ಒಂದು ತುಣುಕಿದೆ; ಗಿಡದ ಕಿಣ್ವಗಳು ಅದನ್ನು ಕತ್ತರಿಸುತ್ತ ಹೋಗುತ್ತವೆ. ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ ಓಡಿಸಿದಾಗ ಒಂದೇ ಇರಬೇಕಾದ ಪಟ್ಟಿ ಎರಡಾಗಿ ಕಂಡರೆ ಗಾಬರಿ ಬೀಳಬೇಕಾಗಿಲ್ಲ, ಕೆಟ್ಟ ಮಾಲಲ್ಲ ಅದು. ಆದರೆ ಒಂದು ಬ್ಯಾಚ್‌ನಲ್ಲಿ ಕತ್ತರಿಸಿದ್ದು ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಎಂದಾದರೆ ಒಂದೇ ಅಚ್ಚಿನ ಕಣ ಎಂಬ ಹೆಗ್ಗಳಿಕೆಯೇ ಹೋಯಿತು.

ಶುದ್ಧೀಕರಣದ ದಾರಿ ಹೀಗಿದೆ. 100 ಗ್ರಾಂ ಹೆಪ್ಪುಗಟ್ಟಿದ ಎಲೆಗೆ 300 ಮಿಲಿಲೀಟರ್ ತಣ್ಣಗಿನ ಬಫರ್ ಹಾಕಿ ಮಿಕ್ಸಿಯಲ್ಲಿ ರುಬ್ಬುವುದು. ಬಫರ್‌ಗೆ 10 ಮಿಲಿಮೋಲಾರ್ ಮರ್ಕಾಪ್ಟೊಎಥನಾಲ್ ಸೇರಿಸದಿದ್ದರೆ ಹೆಚ್ಚಿದ ಬದನೆಕಾಯಿ ಕಪ್ಪಾಗುವ ಹಾಗೆ ರಸ ಕಂದುತ್ತದೆ, ಆ ಫಿನಾಲ್‌ಗಳು ಕವಚಕ್ಕೆ ಅಂಟಿಕೊಂಡು ಆಮೇಲೆ ಯಾವ ತೊಳೆತಕ್ಕೂ ಬಿಡುವುದಿಲ್ಲ. ಮಲ್ಲು ಬಟ್ಟೆ ಎರಡು ಮಡಿಕೆಯಲ್ಲಿ ಸೋಸಿ, ಸೆಂಟ್ರಿಫ್ಯೂಜ್‌ನಲ್ಲಿ 20 ನಿಮಿಷ ತಿರುಗಿಸಿ ಚರಟ ತೆಗೆಯುವುದು. ರಸದ 0.7 ಪಾಲಿನಷ್ಟು ಕ್ಲೋರೊಫಾರ್ಮ್ ಮತ್ತು ಬ್ಯುಟನಾಲ್ (1:1) ಸೇರಿಸಿ ಅರ್ಧದಿಂದ ಒಂದು ಗಂಟೆ ತಣ್ಣಗೆ ಕಲಕಿದರೆ ಹಸಿರು ಬಣ್ಣವೂ ಗಿಡದ ಪ್ರೋಟೀನ್‌ಗಳೂ ನಡುವಿನ ಕೆನೆಯಾಗಿ ಕೂರುತ್ತವೆ. ಮೇಲಿನ ನೀರಿನ ಪದರದಲ್ಲಿ ವೈರಸ್ ಉಳಿಯುತ್ತದೆ. ಇಲ್ಲಿ ಪಾಲಿಕಾರ್ಬೊನೇಟ್ ಟ್ಯೂಬ್ ಬಳಸಿದರೆ ಮುಗಿಯಿತು, ಕ್ಲೋರೊಫಾರ್ಮ್ ಅದನ್ನು ಕರಗಿಸಿ ಬಿರುಕು ಬಿಡಿಸುತ್ತದೆ. ರೋಟರ್‌ನೊಳಗೆ ಟ್ಯೂಬ್ ಒಡೆದರೆ ವೈರಸ್ ಹೋದದ್ದು ಚಿಕ್ಕ ನಷ್ಟ.

ಆ ನೀರಿಗೆ 0.2 ಮೋಲಾರ್ ಉಪ್ಪು, ನೂರಕ್ಕೆ 8ರಷ್ಟು ಪೆಗ್ 8000 (ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪಾಲಿಮರ್). ತಣ್ಣಗೆ ಕಲಕಿ, ನಿಲ್ಲಿಸಿ, ತಿರುಗಿಸಿದರೆ ವೈರಸ್ ತಳಕ್ಕೆ. ಅದನ್ನು ಬಫರ್‌ನಲ್ಲಿ ಬಿಡಿಸುವಾಗ ಪೈಪೆಟ್‌ನಿಂದ ಜಗ್ಗಾಡಬೇಡಿ, ರಾತ್ರಿಯಿಡೀ ಫ್ರಿಜ್‌ನಲ್ಲಿ ತಾನಾಗಿ ಬಿಡಲಿ. ಕೊನೆಗೆ 10ರಿಂದ 40 ಶೇಕಡಾ ಸಕ್ಕರೆಯ ಗ್ರೇಡಿಯೆಂಟ್ (ಮೇಲಿಂದ ಕೆಳಗೆ ಗಟ್ಟಿಯಾಗುತ್ತ ಹೋಗುವ ದ್ರಾವಣ) ಮೇಲೆ ಅಲ್ಟ್ರಾಸೆಂಟ್ರಿಫ್ಯೂಜ್. ಕತ್ತಲೆಯಲ್ಲಿ ಟ್ಯೂಬ್‌ನ ಮೇಲಿಂದ ಟಾರ್ಚ್ ಬಿಟ್ಟರೆ ಮಜ್ಜಿಗೆ ನೀರಿನಂಥ ನೀಲಿಛಾಯೆಯ ಪಟ್ಟಿಗಳು ಕಾಣುತ್ತವೆ. ಸಿಪಿಎಂವಿಯ ಆರ್‌ಎನ್‌ಎ ಎರಡು ತುಂಡಾಗಿ ಎರಡು ಬೇರೆ ಬೇರೆ ಕಣಗಳಲ್ಲಿ ಕೂತಿರುತ್ತದೆ, ಜೊತೆಗೆ ಏನೂ ಇಲ್ಲದ ಖಾಲಿ ಕಣಗಳೂ ಇರುತ್ತವೆ. ಹೊರಗಿಂದ ಮೂರೂ ಒಂದೇ. ತೂಕ ಮಾತ್ರ ಬೇರೆ, ಆದ್ದರಿಂದ ಬೇರೆ ಬೇರೆ ಎತ್ತರದಲ್ಲಿ ನಿಲ್ಲುತ್ತವೆ.

ಸಿದ್ಧವಾದ ಮಾಲನ್ನು 4 ಡಿಗ್ರಿಯಲ್ಲಿಡಿ. ಎಲೆ ಫ್ರೀಜರ್‌ಗೆ ಹೋಗಬಹುದು, ಶುದ್ಧ ಕಣ ಹಾಗೇ ಹೋಗಬಾರದು: ಮಂಜುಗಡ್ಡೆ ಕಟ್ಟುವಾಗ ಕಣಗಳು ಒಂದಕ್ಕೊಂದು ಒತ್ತಿಕೊಂಡು ಗಂಟು ಬೀಳುತ್ತವೆ, ಕೆಲವು ಒಡೆಯುತ್ತವೆ.

ಟಿಎಂವಿ ಬೆಳೆಸುವುದು ಇದಕ್ಕಿಂತ ಸುಲಭ, ತಡೆಯುವುದು ಇದಕ್ಕಿಂತ ಕಷ್ಟ. ಒಣಗಿದ ಎಲೆಯಲ್ಲೂ ವರ್ಷಗಟ್ಟಲೆ ಸೋಂಕುಶಕ್ತಿ ಉಳಿಸಿಕೊಳ್ಳುವ ಜಾತಿ ಅದು. ಗಿಡ ಮುಟ್ಟಿದ ಕತ್ತರಿ, ಬಾಗಿಲ ಹಿಡಿ, ತೋಳು ಎಲ್ಲದರಿಂದ ಹರಡುತ್ತದೆ. ಆರೋಗ್ಯವಂತ ಗಿಡದ ಕೆಲಸ ಮೊದಲು, ಸೋಂಕಿನ ಗಿಡ ಕೊನೆಗೆ, ಈ ಕ್ರಮ ತಪ್ಪಿದ ಕಡೆ ಒಂದೇ ತಿಂಗಳಲ್ಲಿ ಇಡೀ ಕೋಣೆ ಮೊಸಾಯಿಕ್ ಆಗುತ್ತದೆ. ಕೆನೆ ತೆಗೆದ ಹಾಲಿನ ಪುಡಿ ಕರಗಿಸಿದ ನೀರಿನಲ್ಲಿ ಕೈ, ಕತ್ತರಿ ಅದ್ದುವ ಹಳೆಯ ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ. ಹಾಲಿನ ಪ್ರೋಟೀನ್ ವೈರಸ್ ಕಣವನ್ನು ಮುಚ್ಚಿಬಿಡುತ್ತದೆ.

ಎಷ್ಟು ಅಂಟಿತು ಎಂಬ ಲೆಕ್ಕ

ಈ ವಿಷಯದ ಬರಹಗಳಲ್ಲಿ ಚಿತ್ರ ಚೆಂದ ಇರುತ್ತದೆ, ಲೆಕ್ಕ ಇರುವುದಿಲ್ಲ. ಆದ್ದರಿಂದ ಒಂದು ಉದಾಹರಣೆ ಪೂರ್ತಿ ಮಾಡೋಣ.

2 ಮಿಲಿಗ್ರಾಂ ಸಿಪಿಎಂವಿಗೆ ಸೈ-5 ಎಂಬ ಹೊಳೆಯುವ ಬಣ್ಣ ಅಂಟಿಸಬೇಕು. ಕಣದ ಸರಾಸರಿ ತೂಕ 56 ಲಕ್ಷ ಡಾಲ್ಟನ್, ಅಂದರೆ ನಮ್ಮ ಕೈಲಿರುವುದು 0.36 ನ್ಯಾನೊಮೋಲ್ ಕಣ. ಲೈಸೀನ್‌ಗೆ ಅಂಟುವ ಎನ್‌ಎಚ್‌ಎಸ್ ಎಸ್ಟರ್ ಬಣ್ಣವನ್ನು ಕಣವೊಂದಕ್ಕೆ 2,000ದಂತೆ ಕೊಟ್ಟರೆ 714 ನ್ಯಾನೊಮೋಲ್. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ 10 ಮಿಲಿಮೋಲಾರ್ ದ್ರಾವಣ ಇದ್ದರೆ 71 ಮೈಕ್ರೊಲೀಟರ್. ಒಟ್ಟು ಗಾತ್ರ 1 ಮಿಲಿಲೀಟರ್ ಇಟ್ಟುಕೊಂಡರೆ ಡಿಎಂಎಸ್‌ಒ ಶೇ 7. ಶೇ 10 ದಾಟದಿದ್ದರೆ ಕವಚ ತಡೆದುಕೊಳ್ಳುತ್ತದೆ. ಬಫರ್ ಪಿಎಚ್ 7ರ ಪೊಟ್ಯಾಸಿಯಂ ಫಾಸ್ಫೇಟ್, ರಾತ್ರಿಯಿಡೀ, ಕೋಣೆಯ ಉಷ್ಣತೆಯಲ್ಲಿ. ಟ್ರಿಸ್ ಬಫರ್ ಬೇಡವೇ ಬೇಡ. ಟ್ರಿಸ್ ತಾನೇ ಒಂದು ಅಮೀನ್, ಲೈಸೀನ್‌ಗೆ ಹೋಗಬೇಕಾದ ಬಣ್ಣವನ್ನೆಲ್ಲ ಅದೇ ನುಂಗುತ್ತದೆ. ಡಿಎಂಎಸ್‌ಒ ಹಳೆಯದಾಗಿ ನೀರು ಹೀರಿಕೊಂಡಿದ್ದರೂ ಅದೇ ಗತಿ. ಎಸ್ಟರ್ ಸೀಸೆಯಲ್ಲೇ ಸತ್ತಿರುತ್ತದೆ.

ಮರುದಿನ ಅಂಟದ ಬಣ್ಣವನ್ನು ತೆಗೆದು ಅಳೆಯುವುದು. 260 ನ್ಯಾನೊಮೀಟರ್ ಬೆಳಕಿನ ಹೀರಿಕೆ 0.81 ಬಂತು ಎನ್ನಿ. ಸಿಪಿಎಂವಿಗೆ ಮಿಲಿಲೀಟರ್‌ಗೆ 1 ಮಿಲಿಗ್ರಾಂ ಇದ್ದರೆ 8.1 ಬರಬೇಕು, ಹಾಗಾಗಿ ಇಲ್ಲಿರುವುದು 0.1 ಮಿಲಿಗ್ರಾಂ, ಕಣದ ಲೆಕ್ಕದಲ್ಲಿ 17.9 ನ್ಯಾನೊಮೋಲಾರ್. ಬಣ್ಣದ ಶಿಖರದಲ್ಲಿ 0.225 ಬಂತು, ಸೈ-5ರ ಹೀರಿಕೆಯ ಗುಣಾಂಕ 2,50,000, ಅಂದರೆ 0.9 ಮೈಕ್ರೊಮೋಲಾರ್. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಕಣಕ್ಕೆ 50 ಬಣ್ಣ. 2,000 ಕೊಟ್ಟು 50 ಪಡೆದದ್ದು ನಷ್ಟ ಅನ್ನಿಸಬಹುದು, ಈ ರಸಾಯನದ ಸ್ವಭಾವವೇ ಅಷ್ಟು. 300 ಗೂಟ ಇದೆ ಎಂದು 300ಕ್ಕೂ ಸಿಕ್ಕಿಸಹೊರಟರೆ ನೀರೊಲ್ಲದ ಅಣುಗಳು ಹೊರಮೈಯನ್ನೆಲ್ಲ ಆವರಿಸಿ ಕಣಗಳು ಅಂಟುಂಡೆಯಾಗುತ್ತವೆ, ಟ್ಯೂಬ್‌ನ ತಳದಲ್ಲಿ ನೀಲಿ ಗಷ್ಟು ಕಾಣುತ್ತದೆ.

ಈ 50ನ್ನು ಹಾಗೇ ನಂಬಬಾರದು. ಬಣ್ಣ ಬಂಧವಾಗದೆ ಕವಚದ ಸಂದಿಯಲ್ಲಿ ಸುಮ್ಮನೆ ಸಿಕ್ಕಿಕೊಂಡಿದ್ದರೂ ಇದೇ ಸಂಖ್ಯೆ ಬರುತ್ತದೆ. ಕಣವನ್ನು ಡಿಟರ್ಜೆಂಟ್‌ನಲ್ಲಿ ಕುದಿಸಿ ಪ್ರೋಟೀನ್ ಜೆಲ್ ಓಡಿಸಿ: ಹೊಳಪು 24 ಮತ್ತು 42 ಕಿಲೊಡಾಲ್ಟನ್ ಪಟ್ಟಿಗಳ ಜೊತೆ ಹೋದರೆ ಸರಿ, ಜೆಲ್‌ನ ಮುಂಚೂಣಿಯಲ್ಲಿ ಓಡಿದರೆ ಅದು ಬಿಡಿ ಬಣ್ಣ. ಹಾಗೆಯೇ 260 ಮತ್ತು 280ರ ಹೀರಿಕೆಗಳ ಅನುಪಾತ ಸಿಪಿಎಂವಿಗೆ 1.7ರಿಂದ 1.9ರೊಳಗೆ, ಟಿಎಂವಿಗೆ 1.2ರ ಆಸುಪಾಸು ಇರಬೇಕು. ಸಿಪಿಎಂವಿಯಲ್ಲಿ ಅದು ಇಳಿದಿದ್ದರೆ ಖಾಲಿ ಕಣವೋ ಗಿಡದ ಪ್ರೋಟೀನೋ ಬೆರೆತಿದೆ. ಗಾತ್ರ ನೋಡಲು, ಬೆಳಕಿನ ಚದುರುವಿಕೆಯಿಂದ ಅಳೆಯುವ ಡಿಎಲ್‌ಎಸ್ ಯಂತ್ರ ಸಿಪಿಎಂವಿಗೆ ಒಳ್ಳೆಯದು, ಟಿಎಂವಿಗೆ ಅಲ್ಲ. ಆ ಯಂತ್ರ ಎಲ್ಲವನ್ನೂ ಗುಂಡಗಿದೆ ಎಂದೇ ಎಣಿಸುತ್ತದೆ. ಕಡ್ಡಿಯನ್ನು ಚೆಂಡು ಎಂದು ಅಳೆದ ಸಂಖ್ಯೆಗೆ ಅರ್ಥವಿಲ್ಲ. ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು.

ಗಾಡಿಯಲ್ಲಿ ಎಷ್ಟು ಸರಕು ಹಿಡಿಯುತ್ತದೆ?

ಟಿಎಂವಿಯ ತೂತಿಗೆ ಔಷಧ ತುಂಬುವುದು ಕೇಳಲು ಬಹಳ ಸೊಗಸು. ಒಳಗೋಡೆಯ ಗ್ಲುಟಾಮಿಕ್ ಆಮ್ಲಗಳಿಗೆ ಋಣ ವಿದ್ಯುದಂಶ. ಧನ ವಿದ್ಯುದಂಶ ಇರುವ ಔಷಧ ತಾನಾಗಿ ಹೋಗಿ ಅಂಟುತ್ತದೆ. ಮೈಟೊಕ್ಸಾಂಟ್ರೋನ್ ಎಂಬ ಕ್ಯಾನ್ಸರ್ ಔಷಧ ಕಣಕ್ಕೆ ಸುಮಾರು 1,000, ಪ್ಲಾಟಿನಂ ಇರುವ ಫಿನಾಂತ್ರಿಪ್ಲಾಟಿನ್ ಸುಮಾರು 2,000 ಹಿಡಿದದ್ದು ದಾಖಲಾಗಿದೆ. ಗಡ್ಡೆಯ ಜೀವಕೋಶ ಕಣವನ್ನು ನುಂಗಿ ಆಮ್ಲೀಯ ಚೀಲಕ್ಕೆ ಹಾಕಿಕೊಂಡಾಗ ಕಾರ್ಬಾಕ್ಸಿಲ್ ಗುಂಪುಗಳು ಪ್ರೋಟಾನ್ ಪಡೆದು ವಿದ್ಯುದಂಶ ಕಳೆದುಕೊಳ್ಳುತ್ತವೆ, ಔಷಧ ಬಿಡುಗಡೆ.

ತುಂಬುವಾಗ ಬಫರ್‌ನಲ್ಲಿ ಉಪ್ಪು ಕಡಿಮೆ ಇರಬೇಕು. 10 ಮಿಲಿಮೋಲಾರ್ ಫಾಸ್ಫೇಟ್ ಸಾಕು. ಕಾರಣ ಗೊತ್ತೇ ಇದೆ, ಉಪ್ಪಿನ ಅಯಾನ್‌ಗಳು ಅದೇ ಜಾಗಕ್ಕೆ ಪೈಪೋಟಿ ಮಾಡುತ್ತವೆ. ತೊಡಕೂ ಅದೇ. ರಕ್ತದಲ್ಲಿ ಉಪ್ಪು 150 ಮಿಲಿಮೋಲಾರ್. ಉಪ್ಪಿಲ್ಲದ ನೀರಿನಲ್ಲಿ ತುಂಬಿ, ಉಪ್ಪಿಲ್ಲದ ನೀರಿನಲ್ಲೇ ಅಳೆದು, ಔಷಧ ಸೋರುವುದಿಲ್ಲ ಎಂದು ಬರೆದ ಫಲಿತಾಂಶಕ್ಕೆ ಬೆಲೆಯಿಲ್ಲ. ಸೋರಿಕೆಯನ್ನು 37 ಡಿಗ್ರಿಯಲ್ಲಿ, ಉಪ್ಪಿರುವ ಪಿಎಚ್ 7.4ರಲ್ಲೊಮ್ಮೆ, ಪಿಎಚ್ 5ರಲ್ಲೊಮ್ಮೆ ಅಳೆಯಬೇಕು. ಡಯಾಲಿಸಿಸ್ ಚೀಲದ ಹೊರಗಿನ ನೀರು ಸಾಕಷ್ಟು ಇದ್ದು ಆಗಾಗ ಬದಲಾಗಬೇಕು. ಇಲ್ಲದಿದ್ದರೆ ಹೊರಗೆ ಔಷಧ ತುಂಬಿಕೊಂಡು ಸೋರಿಕೆ ನಿಂತಂತೆ ತೋರುತ್ತದೆ. ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧ ಬಳಸುವವರಿಗೆ ಇನ್ನೊಂದು ಎಚ್ಚರ: ಒತ್ತೊತ್ತಾಗಿ ಕೂತಾಗ ಅದರ ಹೊಳಪು ತಾನೇ ಕುಂದುತ್ತದೆ. ಹೊಳಪು ನೋಡಿ ಎಣಿಸಿದರೆ ಕಡಿಮೆ ಬರುತ್ತದೆ. ಕಣ ಒಡೆದು ಬಣ್ಣದ ಹೀರಿಕೆ ಅಳೆಯಿರಿ.

ಈಗ ತಕ್ಕಡಿ. 1,000 ಮೈಟೊಕ್ಸಾಂಟ್ರೋನ್ ಅಣುಗಳ ತೂಕ 4.4 ಲಕ್ಷ ಡಾಲ್ಟನ್. ಟಿಎಂವಿಯದು 3 ಕೋಟಿ 94 ಲಕ್ಷ. ಔಷಧ ಶೇ 1.1. ಮಾರುಕಟ್ಟೆಯಲ್ಲಿರುವ ಲಿಪೊಸೋಮ್ (ಕೊಬ್ಬಿನ ಪುಟ್ಟ ಗುಳ್ಳೆ) ಡಾಕ್ಸೊರುಬಿಸಿನ್‌ನಲ್ಲಿ ಮಿಲಿಲೀಟರ್‌ಗೆ 2 ಮಿಲಿಗ್ರಾಂ ಔಷಧಕ್ಕೆ ಸುಮಾರು 16 ಮಿಲಿಗ್ರಾಂ ಲಿಪಿಡ್, ಅಂದರೆ ಎಂಟಕ್ಕೆ ಒಂದು. ಮೈಟೊಕ್ಸಾಂಟ್ರೋನ್‌ನ ರೂಢಿಯ ಪ್ರಮಾಣ ದೇಹದ ಚದರ ಮೀಟರ್‌ಗೆ 12 ಮಿಲಿಗ್ರಾಂ. ಮಧ್ಯಮ ಮೈಕಟ್ಟಿನವರಿಗೆ 20 ಮಿಲಿಗ್ರಾಂ. ಅದನ್ನು ಟಿಎಂವಿಯಲ್ಲಿ ತುಂಬಿ ಕೊಡಬೇಕಾದರೆ ರಕ್ತನಾಳಕ್ಕೆ 1.8 ಗ್ರಾಂ ಸಸ್ಯ ವೈರಸ್ ಹೋಗಬೇಕು. ಕಣ ಗುರಿ ಮುಟ್ಟಿ ಹತ್ತರಲ್ಲೊಂದು ಪಾಲು ಔಷಧ ಸಾಕು ಎಂದೇ ಇಟ್ಟುಕೊಂಡರೂ 180 ಮಿಲಿಗ್ರಾಂ ಪರಕೀಯ ಪ್ರೋಟೀನ್. ಗಾಡಿ ಸರಕಿಗಿಂತ 90 ಪಾಲು ಭಾರ. ಮೂಲ ಲೆಕ್ಕದಲ್ಲೇ ಹೀಗಿರುವ ಗಾಡಿಗೆ ಮಾರ್ಗ ಸರಿಯಾಗಬಹುದು, ವ್ಯಾಪಾರ ಸರಿಯಾಗುವುದು ಕಷ್ಟ.

ಅಲಸಂದೆಯದ್ದೇ ಇನ್ನೊಂದು ವೈರಸ್, ಕೌಪೀ ಕ್ಲೋರೋಟಿಕ್ ಮಾಟಲ್ ವೈರಸ್. 180 ಪ್ರೋಟೀನ್‌ಗಳ 28 ನ್ಯಾನೊಮೀಟರ್ ಚೆಂಡು. 1998ರಲ್ಲಿ ಟ್ರೆವರ್ ಡಗ್ಲಸ್, ಮಾರ್ಕ್ ಯಂಗ್ ತೋರಿಸಿದಂತೆ, ಪಿಎಚ್ 6.5 ದಾಟಿಸಿ ಕ್ಯಾಲ್ಸಿಯಂನಂಥ ಲೋಹದ ಅಯಾನ್ ತೆಗೆದರೆ ಇದು ಉಬ್ಬಿ ರಂಧ್ರಗಳು ತೆರೆಯುತ್ತವೆ. ಆಮ್ಲೀಯ ಮಾಡಿದರೆ ಮುಚ್ಚಿಕೊಳ್ಳುತ್ತವೆ. ಬಾಗಿಲಿರುವ ಡಬ್ಬಿ! ಆದರೆ ದಿಕ್ಕು ನೋಡಿ. ಗಡ್ಡೆಯ ಸುತ್ತ, ಜೀವಕೋಶದ ಚೀಲದೊಳಗೆ ಆಮ್ಲ ಹೆಚ್ಚು. ಅಲ್ಲಿ ತೆರೆಯಬೇಕಾದ ಬಾಗಿಲು ಅಲ್ಲೇ ಮುಚ್ಚುತ್ತದೆ.

ರಕ್ತಕ್ಕೆ ಇಳಿದ ಮೇಲೆ

ಇಲಿಗಳಿಗೆ ಕಿಲೊಗೆ 100 ಮಿಲಿಗ್ರಾಂ, ಅಂದರೆ ಹತ್ತಿರ ಹತ್ತಿರ 10ರ ಘಾತ 16ರಷ್ಟು ಸಿಪಿಎಂವಿ ಕಣ ಕೊಟ್ಟರೂ ಕಣ್ಣಿಗೆ ಕಾಣುವ ವಿಷಲಕ್ಷಣ ಬರಲಿಲ್ಲ. ಸುರಕ್ಷಿತ ಎನ್ನಲು ಇದನ್ನು ಎತ್ತಿ ಹೇಳುತ್ತಾರೆ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ, ರಕ್ತದಲ್ಲಿ ಕಣಗಳ ಅರ್ಧಾಯುಷ್ಯ ಕೆಲವೇ ನಿಮಿಷ. ಪಿತ್ತಜನಕಾಂಗ ಮತ್ತು ಗುಲ್ಮ ಸೇರಿ ಬಹುಪಾಲನ್ನು ಹೀರಿಬಿಡುತ್ತವೆ. ಪೆಗ್ ಎಳೆಗಳನ್ನು ಹೊದಿಸಿದರೆ, ಅಥವಾ ಟಿಎಂವಿಗೆ ಆಲ್ಬುಮಿನ್ ಲೇಪಿಸಿದರೆ ಸ್ವಲ್ಪ ಹೊತ್ತು ಉಳಿಯುತ್ತವೆ. ಹೊದಿಸಿದಷ್ಟೂ ಗಡ್ಡೆಯ ಜೀವಕೋಶವೂ ಅವನ್ನು ಗುರುತಿಸುವುದಿಲ್ಲ, ಕೊಟ್ಟು ತೆಗೆದುಕೊಳ್ಳುವ ಬಾಬತ್ತು.

ಎರಡನೇ ಚುಚ್ಚುಮದ್ದಿಗೆ ಹೊಸ ತೊಂದರೆ. ಒಂದೇ ಆಕಾರ ಅರವತ್ತು ಸಲ ಮರುಕಳಿಸುವ ಮೈ ನೋಡಿದ ಕೂಡಲೇ ರೋಗನಿರೋಧಕ ವ್ಯವಸ್ಥೆ ಅದನ್ನು ವೈರಸ್ ಎಂದು ಗುರುತಿಸಿ ಪ್ರತಿಕಾಯ ಮಾಡಿಟ್ಟುಕೊಳ್ಳುತ್ತದೆ. ಕೆಲವರಲ್ಲಿ ಮೊದಲೇ ಇರುತ್ತದೆ: ಧೂಮಪಾನ ಮಾಡುವವರ ರಕ್ತದಲ್ಲಿ ಟಿಎಂವಿ ವಿರುದ್ಧದ ಪ್ರತಿಕಾಯ ಕಂಡಿದೆ, ಸಿಗರೇಟಿನ ಹೊಗೆಸೊಪ್ಪಿನಿಂದಲೇ ಬಂದದ್ದು.

ಔಷಧ ಸಾಗಿಸುವವನಿಗೆ ಇದು ಶಾಪ. ಇದನ್ನೇ ತಿರುಗಿಸಿ ನೋಡಿದವರು ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿದ್ದ (ಆಮೇಲೆ ಸ್ಯಾನ್ ಡಿಯೇಗೊ) ನಿಕೋಲ್ ಸ್ಟೈನ್‌ಮೆಟ್ಸ್ ಮತ್ತು ಡಾರ್ಟ್‌ಮತ್‌ನ ಸ್ಟೀವನ್ ಫಿಯರಿಂಗ್ ಅವರ ತಂಡಗಳು. 2016ರ ಅವರ ಪ್ರಯೋಗದಲ್ಲಿ ಸಿಪಿಎಂವಿಯ ಖಾಲಿ ಕವಚಕ್ಕೆ ಯಾವ ಔಷಧವನ್ನೂ ತುಂಬಿರಲಿಲ್ಲ. ಮೆಲನೋಮಾ ಎಂಬ ಕ್ಯಾನ್ಸರ್ ಗಡ್ಡೆ ಇದ್ದ ಇಲಿಗಳ ಶ್ವಾಸಕೋಶಕ್ಕೆ, ಗಡ್ಡೆಯೊಳಕ್ಕೆ ಬರೀ ಡಬ್ಬಿ ಕೊಟ್ಟರು. ಗಡ್ಡೆ ಕುಗ್ಗಿತು. ವಿವರಣೆ ಹೀಗೆ: ಗಡ್ಡೆ ತನ್ನ ಸುತ್ತಲಿನ ರಕ್ಷಣಾ ಕೋಶಗಳನ್ನು ಜೋಗುಳ ಹಾಡಿ ಮಲಗಿಸಿರುತ್ತದೆ. ಅಲ್ಲಿಗೆ ವೈರಸ್‌ನ ಮೈ ಕಂಡರೆ ನ್ಯೂಟ್ರೊಫಿಲ್‌ಗಳು ಎಚ್ಚೆತ್ತು ನುಗ್ಗುತ್ತವೆ, ಇಂಟರ್ಲೂಕಿನ್-12, ಇಂಟರ್‌ಫೆರಾನ್ ಗಾಮಾ ಹರಿಯುತ್ತದೆ, ಸಾಯುತ್ತಿರುವ ಗಡ್ಡೆಯ ಚೂರುಗಳನ್ನೇ ಗುರುತುಚೀಟಿಯಾಗಿ ಹಿಡಿದು ಟಿ ಕೋಶಗಳು ತಯಾರಾಗುತ್ತವೆ. ದೇಹದಲ್ಲಿ ಬೇರೆಡೆ ಇರುವ ಗಡ್ಡೆಗೂ ಆ ಗುರುತು ಸಾಕು. ಮುಂದೆ ಬಾಯಿಯ ಮೆಲನೋಮಾದಂಥ ಸಹಜ ಕ್ಯಾನ್ಸರ್ ಇರುವ ಸಾಕುನಾಯಿಗಳಲ್ಲೂ ಇದನ್ನು ಪರೀಕ್ಷಿಸಿದರು.

ಪ್ರಮಾಣ ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಇಲಿಯ ಗಡ್ಡೆಗೆ ವಾರಕ್ಕೊಮ್ಮೆ 100 ಮೈಕ್ರೊಗ್ರಾಂ, ಸುಮಾರು 10 ಲಕ್ಷ ಕೋಟಿ ಕಣ. ನೇರ ಗಡ್ಡೆಗೇ ಚುಚ್ಚುವುದರಿಂದ ರಕ್ತದ ನಿಮಿಷಗಳ ಅರ್ಧಾಯುಷ್ಯ ಅಡ್ಡಿಯಾಗುವುದಿಲ್ಲ. ಪ್ರತಿಕಾಯ ಬಂದರೆ ಬರಲಿ, ಗಲಾಟೆ ಎಬ್ಬಿಸುವುದೇ ಉದ್ದೇಶ. ನಮ್ಮ ಅಭಿಪ್ರಾಯದಲ್ಲಿ ಸಸ್ಯ ವೈರಸ್‌ಗೆ ಒಪ್ಪುವ ಕೆಲಸ ಇದೇ. ಔಷಧ ಹೊರುವ ಗಾಡಿಯಾಗಿ ಅದು ಲಿಪೊಸೋಮ್ ಎದುರು ಸೋಲುತ್ತದೆ, ಔಷಧವಾಗಿ ಅದಕ್ಕೆ ಎದುರಾಳಿಗಳು ಕಡಿಮೆ.

ಅಲಸಂದೆ ಎಲೆಯ ಕಷಾಯ ಕುಡಿದರೆ ಕ್ಯಾನ್ಸರ್ ಹೋಗುತ್ತದೆ ಎಂದು ಇದನ್ನು ಯಾರಾದರೂ ವಾಟ್ಸ್ಆ್ಯಪ್‌ಗೆ ಹಾಕುವ ಮೊದಲೇ ಹೇಳಿಬಿಡುತ್ತೇವೆ: ಹೋಗುವುದಿಲ್ಲ. ಕೆಲಸ ನಡೆಯುವುದು ಶುದ್ಧ ಕಣ ಗಡ್ಡೆಯೊಳಗೆ ಇಳಿದಾಗ. ಮನುಷ್ಯರಿಗೆ ಮಾರಾಟದ ಅನುಮತಿ ಪಡೆದ ಇಂಥ ಔಷಧ ಇನ್ನೂ ಇಲ್ಲ.

ರೋಗನಿರೋಧಕವನ್ನು ಎಬ್ಬಿಸುವುದೇ ಕೆಲಸವಾದಾಗ ಒಂದು ಅಶುದ್ಧಿ ಎಲ್ಲ ಫಲಿತಾಂಶವನ್ನೂ ಹಾಳು ಮಾಡಬಲ್ಲದು: ಬ್ಯಾಕ್ಟೀರಿಯಾದ ಎಂಡೊಟಾಕ್ಸಿನ್ ಎಂಬ ವಿಷ. ಅದೂ ಅದೇ ಕೋಶಗಳನ್ನು ಎಬ್ಬಿಸುತ್ತದೆ. ಗಡ್ಡೆ ಕುಗ್ಗಿದ್ದು ವೈರಸ್‌ನಿಂದಲೋ ಸಕ್ಕರೆ ದ್ರಾವಣದಲ್ಲಿದ್ದ ಕೊಳೆಯಿಂದಲೋ ಗೊತ್ತಾಗುವುದಿಲ್ಲ. ಗಿಡದಲ್ಲಿ ಬೆಳೆದದ್ದಕ್ಕೆ ಎಂಡೊಟಾಕ್ಸಿನ್ ಇರದು ಎಂಬ ನಂಬಿಕೆ ಅರ್ಧ ನಿಜ. ಖಾಲಿ ಕವಚವನ್ನು ನಾರ್ವಿಚ್‌ನ ಜಾನ್ ಇನ್ಸ್ ಕೇಂದ್ರದ ವಿಧಾನದಂತೆ ಜೀನ್ ಹೊತ್ತ ಆಗ್ರೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾವನ್ನು ಇಳಿಸಿ ಹೊಗೆಸೊಪ್ಪಿನ ಸಂಬಂಧಿ ನಿಕೋಟಿಯಾನಾ ಬೆಂಥಮಿಯಾನಾ ಎಲೆಯಲ್ಲಿ ಮಾಡಿಸಿದರೆ, ಆ ಬ್ಯಾಕ್ಟೀರಿಯಾದ್ದು ಎಲೆಯೊಳಗೇ ಇರುತ್ತದೆ. ನೀರು, ಸಕ್ಕರೆ, ಡಯಾಲಿಸಿಸ್ ಚೀಲ ಒಂದೊಂದನ್ನೂ ಎಂಡೊಟಾಕ್ಸಿನ್ ಪತ್ತೆಹಚ್ಚುವ ಎಲ್‌ಎಎಲ್ ಪರೀಕ್ಷೆಗೆ ಹಾಕಿ ನೋಡಬೇಕು. ಚುಚ್ಚುಮದ್ದಿಗೆ ಒಪ್ಪಿದ ಮಿತಿ ಗಂಟೆಗೆ, ದೇಹದ ಕಿಲೊಗೆ 5 ಯೂನಿಟ್.

ಕೊನೆಯ ಹಂತ, ನಿಷ್ಕ್ರಿಯಗೊಳಿಸುವುದು. ಮನುಷ್ಯನಿಗೆ ಸೋಂಕಿಲ್ಲದಿದ್ದರೂ ಹೊಲಕ್ಕೆ ಇದೆ. ರೋಗಿಯ ದೇಹದಿಂದ ಹೊರಬಿದ್ದ ಕಣ ಅಲಸಂದೆಗೆ ತಗಲಬಾರದು. ಅತಿನೇರಳೆ ಬೆಳಕು ಚದರ ಸೆಂಟಿಮೀಟರ್‌ಗೆ 7.5 ಜೂಲ್ ಕೊಟ್ಟರೆ ಆರ್‌ಎನ್‌ಎ ಕೆಡುತ್ತದೆ, ಕವಚ ಉಳಿಯುತ್ತದೆ. ಆದರೆ ಟ್ಯೂಬ್‌ನಲ್ಲೇ ಬೆಳಕು ಬಿಟ್ಟರೆ ಆಗದು. ಮಿಲಿಲೀಟರ್‌ಗೆ 1 ಮಿಲಿಗ್ರಾಂ ಇರುವ ದ್ರಾವಣ 1 ಮಿಲಿಮೀಟರ್ ಆಳದಲ್ಲೇ 260ರ ಬೆಳಕಿನ ಶೇ 85ನ್ನು ಹೀರಿಬಿಡುತ್ತದೆ. ಮೇಲಿನ ಕಣ ಬೇಯುತ್ತದೆ, ತಳದ್ದು ನೆರಳಲ್ಲಿ ಸುಖವಾಗಿರುತ್ತದೆ. ಅಗಲ ತಟ್ಟೆಯಲ್ಲಿ ತೆಳುವಾಗಿ ಹರಡಿ ಅಲುಗಾಡಿಸುತ್ತಿರಬೇಕು. ಬೆಳಕು ಜಾಸ್ತಿಯಾದರೂ ನಷ್ಟವೇ, ಏಕೆಂದರೆ ರಕ್ಷಣಾ ಕೋಶಗಳ ಟಿಎಲ್‌ಆರ್-7 ಎಂಬ ಗ್ರಾಹಕ ಎಚ್ಚರಗೊಳ್ಳುವುದು ವೈರಸ್‌ನ ಆರ್‌ಎನ್‌ಎ ಕಂಡು. ಟಿಎಲ್‌ಆರ್-2 ಮತ್ತು 4 ಕವಚ ಕಂಡು. ಆರ್‌ಎನ್‌ಎ ಸಹಿತ ಕಣ ಖಾಲಿ ಕವಚಕ್ಕಿಂತ ಚುರುಕಾಗಿರುವುದಕ್ಕೆ ಕಾರಣವೂ ಇದೇ. ಆರ್‌ಎನ್‌ಎ ಇರಬೇಕು, ನಕಲು ತೆಗೆಯುವಂತೆ ಇರಬಾರದು.

ಆಗಿದೆಯೋ ಇಲ್ಲವೋ ಎಂದು ಹೇಳುವ ಅಧಿಕಾರ ಮತ್ತೆ ಅಲಸಂದೆ ಗಿಡಕ್ಕೇ. ಬೆಳಕು ಕಂಡ ವೈರಸ್ಸನ್ನು ಹತ್ತು ದಿನದ ಗಿಡಗಳ ಎಲೆಗೆ ಕಾರ್ಬೊರಂಡಮ್ ಜೊತೆ ಸವರಿ, ಇನ್ನೂ ಹತ್ತು ದಿನ ಕಾದು, ಹಸಿರಾಗಿಯೇ ಉಳಿದ ಎಲೆಯನ್ನೂ ಬಿಡದೆ ಆರ್‌ಟಿ-ಪಿಸಿಆರ್ ಮಾಡಬೇಕು. ಪಕ್ಕದ ಕುಂಡದಲ್ಲಿ ಬೆಳಕು ಕಾಣದ ವೈರಸ್ ಸವರಿದ ಗಿಡ ಇರುತ್ತದೆ. ಅದು ಹಳದಿ ತೇಪೆಯಾಗಲೇಬೇಕು. ಅದೂ ಹಸಿರಾಗಿಯೇ ಇದ್ದರೆ ಕೈ ತಪ್ಪಿದ್ದು ಸವರುವುದರಲ್ಲಿ. ಬೀಜ ಹಾಕಿ ಮತ್ತೆ ಮೊದಲಿನಿಂದ.